‘ದೋಷ ಸರಿಪಡಿಸಿದೆ’ ಅಂದ್ರ ಯಾವ ದೋಷ ಅಂತ ಬರೀರಿ

ಟಿಕೋಟಾ ಕಡೆ ದ್ರಾಕ್ಷಿ ತೋಟಕ್ಕ ಮೊಬೈಲ್ ಸ್ಟಾರ್ಟರ್ (ಫೋನಿನಿಂದ ಮೋಟರ್ ಚಾಲೂ-ಬಂದ್ ಮಾಡೂ ಬಾಕ್ಸ್) ಕೂಡ್ರಿಸಿದವರು ಕೇಳೀರಿ: "2.4 ಫರ್ಮ್‌ವೇರ್ (ಬಾಕ್ಸಿನೊಳಗಿನ ಸಾಫ್ಟ್‌ವೇರ್) ಕಳಿಸೀನಿ, ‘ದೋಷ ಸರಿಪಡಿಸಿ ಸುಧಾರಣೆ ಮಾಡಲಾಗಿದೆ’ ಅಂತ ಒಂದು ಸಾಲು ಹಾಕೀನಿ. ಹೆಚ್ಚಿಗಿ ಹೇಳಿದ್ರ ಕಾಪಿ ಹೊಡೀತಾರ, ರೈತರಿಗೂ ತಲಿ ಕೆಡತೈತಿ. ಇಷ್ಟು ಸಾಕಲ್ಲ?" ಸಾಕಾಗೂದಿಲ್ರಿ. ಇದ ಸಾಲು ನಾನೂ ಹಾಕಿ ಬೈಸ್ಕೊಂಡೀನಿ, ಅದಕ್ಕ ಉದ್ದ ಬರ್ಯಾಕತ್ತೀನಿ.

ನೀವ ಕೆಳಗ ಕಾಮೆಂಟಿನಾಗ ಹೇಳಿದಂಗ 2.4ದಾಗ ಡ್ರೈ ರನ್ (ನೀರಿಲ್ಲದ ಮೋಟರ್ ಓಡಬಾರ್ದಂತ, ಆಂಪಿಯರ್ ಇಷ್ಟು ಶೇಕಡಾಕ್ಕ ಇಳಿದ್ರ ಬಂದ್ ಮಾಡೂ ಮಿತಿ) ಡಿಫಾಲ್ಟ್ 60 ಇದ್ದದ್ದು 75ಕ್ಕ ಏರಿಸೀರಿ. ಲೆಕ್ಕ ಹಾಕ್ರಿ. 5 ಎಚ್‌ಪಿ ಸಬ್‌ಮರ್ಸಿಬಲ್, ನಾಕೂ ವಾಲ್ವ್ ತಗದಾಗ 8 ಆಂಪಿಯರ್ ಎಳೀತೈತಿ ಅಂತ ಇಟ್ಕೋರಿ. 60 ಅಂದ್ರ 4.8ಕ್ಕ ಬಂದ್, 75 ಅಂದ್ರ 6ಕ್ಕ ಬಂದ್. ಒಂದ ವಾಲ್ವ್ ತಗದಾಗ ಹರಿವು ಕಡಿಮಿ, ಪಂಪಿನ ಮ್ಯಾಲ ಲೋಡ್ ಕಡಿಮಿ, ಆಂಪಿಯರ್ 6ರ ಕೆಳಗ ಇಳಿಯಬಹುದು. ಬೋರಿನಾಗ ನೀರು ಇದ್ರೂ ಮೋಟರ್ ಬಂದ್! ರೈತ ಏನ್ ತಿಳ್ಕೋತಾನ? ಬೋರ್ ಬತ್ತೇತಿ ಅಂತಾನ. ಫ್ಲಶಿಂಗ್ ಗಾಡಿ ಕರಸ್ತಾನ, ಇಲ್ಲಾ ಪೈಪ್ ಎತ್ತಿಸಿ ಮೋಟರ್ ಹೊರಗ ತಗಸ್ತಾನ. ವೈರ್‌ಮನ್ ಕೇಬಲ್ ಜಾಯಿಂಟ್ ಬಿಚ್ತಾನ. ನಿಮ್ಮ ಸಾಫ್ಟ್‌ವೇರ್ ಮ್ಯಾಲ ಯಾರಿಗೂ ಸಂಶಯನ ಬರೂದಿಲ್ಲ, ಯಾಕಂದ್ರ ನೀವು ‘ಸುಧಾರಣೆ’ ಅಂದೀರಿ.

ದೊಡ್ಡವರೂ ಹಿಂಗ ಸಿಕ್ಕೊಂಡಾರ. 2017ರ ಜನವರಿಯಾಗ ಆಪಲ್ ಐಒಎಸ್ 10.2.1 ಬಿಟ್ಟಿತು. ಹಳೇ ಬ್ಯಾಟರಿಯ ಐಫೋನ್ ಏಕಾಏಕಿ ಬಂದ್ ಆಗಬಾರ್ದಂತ ಪ್ರೊಸೆಸರ್ ವೇಗ ಇಳಿಸಿದ್ರು. ವೇಗ ಇಳಿಸೇವಿ ಅಂತ ಒಪ್ಪಿದ್ದು ಡಿಸೆಂಬರ್‌ದಾಗ. ಬ್ಯಾಟರಿ ಬದಲಿಸಿದ್ರ ಸರಿ ಹೋಗೂ ಫೋನು, ಮುದಿ ಆತು ಅಂತ ಜನ ಹೊಸಾದು ಕೊಂಡ್ರು. ಆಮ್ಯಾಲ ಕ್ಷಮಾ ಕೇಳಿ 79 ಡಾಲರ್ ಬ್ಯಾಟರಿ 29ಕ್ಕ ಕೊಟ್ರು. 2020ರಾಗ ಫ್ರಾನ್ಸಿನಾಗ 2.5 ಕೋಟಿ ಯೂರೋ ದಂಡ ಬಿತ್ತು, ಗ್ರಾಹಕರಿಗೆ ತಿಳಿಸಲಿಲ್ಲ ಅಂತ. ಇಂಜಿನಿಯರಿಂಗ್ ತಪ್ಪಿರಲಿಲ್ಲ ಅಲ್ಲೆ.

ಹಂಗಂತ ಗಿಟ್ ಲಾಗ್ (ಕೋಡಿನಾಗ ಮಾಡಿದ ಬದಲಾವಣೆಗಳ ಪಟ್ಟಿ) ಎತ್ತಿ ಗುಂಪಿಗೆ ಒಗೀಬ್ಯಾಡ್ರಿ. ಯಾವ ಫಂಕ್ಷನ್ ತಿದ್ದೀರಿ ಅನ್ನೂದು ಯಾರಿಗೂ ಬೇಕಾಗಿಲ್ಲ. ಬರೀಬೇಕಾದ್ದು ಇಷ್ಟ: ಮೊದಲು ಏನ್ ಆಗ್ತಿತ್ತು, ಈಗ ಏನ್ ಆಗತೈತಿ, ಯಾವ ಡಿಫಾಲ್ಟ್ ಎಷ್ಟಿಂದ ಎಷ್ಟಕ್ಕ ಹೋತು, ಯಾವ ಬೋರ್ಡಿಗೆ ಲಾಗೂ, ಬ್ಯಾಡಾದ್ರ ಹಿಂದಕ್ಕ ಹೋಗೂದು ಹೆಂಗ, ಇನ್ನೂ ಏನ್ ಸರಿ ಆಗಿಲ್ಲ. ಕಡೀದನ್ನ ಎಲ್ಲಾರೂ ಮುಚ್ಚಿಡ್ತಾರ, ಫೋನ್ ಜಾಸ್ತಿ ಬರೂದೂ ಅದರಿಂದನ. ಇದನ್ನ ವೈರ್‌ಮನ್‌ಗೆ ಅರ್ಧ ಪುಟ ಬರದು ಕೊಡ್ರಿ. ರೈತನಿಗೆ ಎಸ್‌ಎಂಎಸ್ ಮಾಡ್ರಿ, ಆದ್ರ ಕನ್ನಡದಾಗ ಒಂದು ಎಸ್‌ಎಂಎಸ್ ಅಂದ್ರ 70 ಅಕ್ಷರ ಅಷ್ಟ, ಒತ್ತು, ಗುಣಿತ, ಖಾಲಿ ಜಾಗ ಎಲ್ಲಾ ಬ್ಯಾರೆ ಬ್ಯಾರೆ ಎಣಿಸ್ತಾವ. ಹಿಂಗ ಬರೀರಿ:

"ಡ್ರೈ ರನ್ 60 ಇದ್ದದ್ದು 75 ಆಗೇತಿ. ಒಂದ ವಾಲ್ವ್ ತಗದಾಗ ಬಂದ್ ಆದ್ರ 60 ಇಡ್ರಿ."

67 ಬರತೈತಿ, ಒಂದ ಮೆಸೇಜಿನಾಗ ಕೂಡತೈತಿ. ಓದಾಕ ಬರದ ಆಳುಮಕ್ಕಳಿಗೆ ವಾಟ್ಸಾಪ್‌ನಾಗ ಅರ್ಧ ನಿಮಿಷದ ಧ್ವನಿ ಮೆಸೇಜ್ ಹಾಕ್ರಿ, ಪಿಡಿಎಫ್ ಯಾರೂ ತಗಿಯೂದಿಲ್ಲ.

ಕಾಪಿ ಹೊಡೀತಾರ ಅನ್ನೂ ಅಂಜಿಕಿ ಬಿಡ್ರಿ. ಫ್ಲ್ಯಾಶ್ ಎನ್‌ಕ್ರಿಪ್ಷನ್ (ಮೆಮೊರಿಗೆ ಹಾಕೂ ಬೀಗ) ಹಾಕದ ಇಎಸ್‌ಪಿ32 ಚಿಪ್ಪಿನ್ಯಾಗಿಂದ ಯುಎಸ್‌ಬಿ ಕೇಬಲ್ ಹಚ್ಚಿ 4 ಎಂಬಿ ಪೂರ್ತಿ ಎತ್ತಬಹುದು. ಕಾಪಿ ಹೊಡಿಯೂವವ ನಿಮ್ಮ ಟಿಪ್ಪಣಿ ಕಾಯ್ಕೋತ ಕೂಡ್ರೂದಿಲ್ಲ.

ಸೆಕ್ಯುರಿಟಿ ದೋಷದ ಮಾತು ಬ್ಯಾರೆ. ಬ್ಯಾರೆ ನಂಬರಿಂದ ಎಸ್‌ಎಂಎಸ್ ಬಂದ್ರೂ ಮೋಟರ್ ಚಾಲೂ ಆಗ್ತಿತ್ತು, 2.4ದಾಗ ಸರಿ ಮಾಡೀನಿ ಅಂತ ಕಾಮೆಂಟಿನಾಗ ಹೇಳೀರಿ. ಅದನ್ನ ಮುಚ್ಚಿಡಬ್ಯಾಡ್ರಿ, ಪೂರ್ತಿ ಬಿಚ್ಚಲೂ ಬ್ಯಾಡ್ರಿ. ‘2.3 ಮತ್ತ ಹಿಂದಿನವು; ಹೊರಗಿನವರು ಮೋಟರ್ ಚಾಲೂ ಮಾಡಬಹುದು; ಅಪ್‌ಡೇಟ್ ಆಗೂತನಕ ಆಟೋ ಬಂದ್ ಮಾಡಿ ಮ್ಯಾನುವಲ್ ಇಡ್ರಿ’ ಇಷ್ಟು ಇವತ್ತ ಹೇಳ್ರಿ. ಯಾವ ಕಮಾಂಡ್ ಕಳಿಸಿದ್ರ ಒಡೀತೈತಿ ಅನ್ನೂದು ಬಾಕ್ಸೆಲ್ಲಾ ಅಪ್‌ಡೇಟ್ ಆದ ಮ್ಯಾಲ. ಸೆಕ್ಯುರಿಟಿ ದೋಷ ಹುಡುಕೂ ಗೂಗಲ್ಲಿನ ಪ್ರಾಜೆಕ್ಟ್ ಝೀರೋ ತಂಡದವರು ಕಂಪನಿಗೆ 90 ದಿನ ಕೊಡ್ತಾರ, ಅಷ್ಟರಾಗ ಸರಿ ಮಾಡಿದ್ರ ವಿವರ ಬಿಚ್ಚಾಕ ಮತ್ತ 30 ದಿನ ತಡೀತಾರ. ಸುಮ್ಮನ ಸರಿ ಮಾಡಿ ಬಾಯಿ ಮುಚ್ಚಿದ್ರ ಹಳೇ ಬಿನ್ (ಫರ್ಮ್‌ವೇರ್ ಫೈಲ್), ಹೊಸಾ ಬಿನ್ ಹೋಲಿಸಿ ಗೊತ್ತು ಮಾಡ್ಕೋಬಹುದು. ಕೆಟ್ಟವನಿಗೆ ಗೊತ್ತಾಗತೈತಿ, ಅಪ್‌ಡೇಟ್ ಮಾಡದ ರೈತನಿಗಷ್ಟ ಗೊತ್ತಿರೂದಿಲ್ಲ.

ಮೊದಲಿನ ತಿದ್ದುಪಡಿ ಅರ್ಧಾ ಆಗಿದ್ರ ಅದನ್ನೂ ಬರೀರಿ. ಲಾಗ್4ಜೆ (ಜಾವಾ ಸಾಫ್ಟ್‌ವೇರ್‌ದಾಗ ಲಾಗ್ ಬರಿಯೂ ಲೈಬ್ರರಿ) ದೋಷಕ್ಕ 2021ರ ಡಿಸೆಂಬರ್ ಒಂದ ತಿಂಗಳದಾಗ 2.15, 2.16, 2.17 ಬಂದ್ವು. 2.15 ಪೂರ್ತಿ ಸಾಕಾಗೂದಿಲ್ಲ ಅಂತ ಹೇಳಿದ್ರು ಅಂತನ ಜನ ಮತ್ತ ಏರಿಸಿದ್ರು.

ಕಳಿಸೂ ರೀತಿನೂ ನೋಡ್ಕೋರಿ. ಎಲ್ಲಾ ಬಾಕ್ಸಿಗೂ ಒಮ್ಮೆಲೆ ಬಿಟ್ಟೀರಿ, ಇದು ಹುಚ್ಚುತನ. ಮೊದಲ 5 ಬಾಕ್ಸು, ಒಂದು ವಾರ, ಆಮ್ಯಾಲ ಉಳಿದವು. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೂದು) ಆಗಿ ಹೂ, ಕಾಳು ಕಟ್ಟೂ ಹೊತ್ತಿನಾಗ ಡಿಫಾಲ್ಟ್ ಮುಟ್ಟಲೇಬ್ಯಾಡ್ರಿ. ರೋಲ್‌ಬ್ಯಾಕ್ (ಹೊಸಾದು ಸರಿ ಅಂತ ಖಾತ್ರಿ ಆಗದಿದ್ರ ತಾನ ಹಳೇದಕ್ಕ ಹೋಗೂದು) ಆನ್ ಇಡ್ರಿ, ಆದ್ರ ಹೊಸಾ ಫರ್ಮ್‌ವೇರ್ ‘ವ್ಯಾಲಿಡ್’ ಅನ್ನಾಕ ಮೂರೂ ಫೇಸ್ ಬರೂತನಕ ಕಾಯಿಸಬ್ಯಾಡ್ರಿ. ಹೆಸ್ಕಾಂ ತ್ರೀ ಫೇಸ್ ಕೊಡೂದು ಪಾಳಿ ಪ್ರಕಾರ. ಸಿಂಗಲ್ ಫೇಸ್ ಇದ್ದಾಗ ಬಾಕ್ಸ್ ರೀಸ್ಟಾರ್ಟ್ ಆದ್ರ ತಾನ ಹಳೇದಕ್ಕ ಬೀಳತೈತಿ, ನೀವು ಅಪ್‌ಡೇಟ್ ಆಗೇತಿ ಅಂತ ತಿಳ್ಕೊಂಡಿರ್ತೀರಿ. ಎಡಿಸಿ (ಆಂಪಿಯರ್ ಅಳಿಯೂ ಭಾಗ) ಓದಾಕ ಬಂತು, ಸಿಮ್ ನೆಟ್‌ವರ್ಕಿಗೆ ಸೇರಿತು, ಅಷ್ಟ ಸಾಕು.

ಇನ್ನೊಂದು, ಸಿಮ್ ಹಾಕೂ ಮಾಡ್ಯೂಲ್ ಸಿಮ್800ಎಲ್ ಬಿಡ್ರಿ. 2ಜಿ ಅಷ್ಟ, ಜಿಯೋ ಸಿಮ್ ಹಾಕಾಕ ಬರೂದಿಲ್ಲ, ಸಿಗ್ನಲ್ ಹಿಡಿಯೂ ಹೊತ್ತಿಗೆ 2 ಆಂಪಿಯರ್ ತನಕ ಎಳೀತೈತಿ, ಸಪ್ಲೈ ಸೊರಗಿದ್ರ ಅಪ್‌ಡೇಟ್ ನಡುವ ರೀಸೆಟ್. 4ಜಿಯ ಎ7670ಸಿ ಹಾಕ್ರಿ. 2ಜಿನಾಗ 1.2 ಎಂಬಿ ಬಿನ್ ಫೈಲ್ 40 ಕೆಬಿಪಿಎಸ್‌ದಾಗ ಕಮ್ಮಿ ಅಂದ್ರೂ 4 ನಿಮಿಷ ತಿಂತೈತಿ.

2.3ರ ಬಿನ್ ಫೈಲ್ ಅಳಿಸಿಲ್ಲ ಅಲ್ಲ? ಸರ್ವರಿನಾಗ ಇಟ್ಟಿರ್ರಿ. ಇವತ್ತ ಸಂಜಿಕಿ ಆ ಎಸ್‌ಎಂಎಸ್ ಹೋಗಲಿ, ಫ್ಲಶಿಂಗ್ ಗಾಡಿ ಬರೂದ್ರೊಳಗ.