ಒಂದು ಬಾಣ, ಎರಡು ಹದ್ದು

ಪ್ರಶ್ನೆ: ‘ಒಂದೇ ಕಲ್ಲಿಗೆ ಎರಡು ಹಕ್ಕಿ’ ಎಂಬ ಇಂಗ್ಲಿಷ್ ನಾಣ್ಣುಡಿಗೆ ಸಮನಾದುದು ಚೀನೀ ಭಾಷೆಯಲ್ಲಿ ಇದೆಯೇ?

ಉತ್ತರ: ಇದೆ. ಚೀನೀಯರು ‘ಒಂದು ಬಾಣ, ಎರಡು ಹದ್ದು’ ಎನ್ನುತ್ತಾರೆ. 6ನೆಯ ಶತಮಾನದಲ್ಲಿ ಚೀನಾದ ಉತ್ತರ ಝೌ ರಾಜ್ಯದಿಂದ, ಅದರ ಉತ್ತರದ ಹುಲ್ಲುಗಾವಲುಗಳಲ್ಲಿದ್ದ ತುರ್ಕರ ನಾಡಿಗೆ ಹೋಗಿದ್ದ ಝಾಂಗ್‌ಸುನ್ ಶೆಂಗ್ ಎಂಬಾತನಿಗೆ ಅಲ್ಲಿನ ದೊರೆಯು, ಮಾಂಸಕ್ಕಾಗಿ ಕಿತ್ತಾಡುತ್ತಿದ್ದ ಎರಡು ಹದ್ದುಗಳನ್ನು ತೋರಿಸಿ ಎರಡು ಬಾಣಗಳನ್ನು ಕೊಟ್ಟನೆಂದೂ, ಆತನು ಕುದುರೆಯೇರಿ ಧಾವಿಸಿ ಒಂದೇ ಬಾಣದಿಂದ ಎರಡನ್ನೂ ಕೆಡವಿದನೆಂದೂ ಚೀನಾದ ಪ್ರಾಚೀನ ಇತಿಹಾಸಗ್ರಂಥಗಳು ದಾಖಲಿಸಿವೆ. ಇಂಗ್ಲಿಷಿನ ನುಡಿ ಲಾಭವನ್ನಷ್ಟೇ ಹೇಳಿದರೆ, ಇದರಲ್ಲಿ ಬಿಲ್ಲುಗಾರನ ಕೌಶಲಕ್ಕೆ ಸಲ್ಲಿಸಿದ ಗೌರವವೂ ಉಳಿದಿರುವುದರಿಂದ ನನಗೆ ಇದೇ ಹೆಚ್ಚು ಪ್ರಿಯ. ಹಾಗೆಯೇ, ‘ರೋಮ್ ನಗರವನ್ನು ಒಂದೇ ದಿನದಲ್ಲಿ ಕಟ್ಟಲಿಲ್ಲ’ ಎಂಬ ಇನ್ನೊಂದು ಇಂಗ್ಲಿಷ್ ನಾಣ್ಣುಡಿಗೆ ಚೀನಿಯಲ್ಲಿ ಹತ್ತಿರವಾದುದು ‘ಮೂರಡಿ ಮಂಜುಗಡ್ಡೆ ಒಂದು ದಿನದ ಚಳಿಯಿಂದ ಆದದ್ದಲ್ಲ’ ಎಂಬ ಮಾತು. ಆದರೆ ಅದನ್ನು ಬಹುಕಾಲದಿಂದ ಬೆಳೆದುಬಂದ ತೊಂದರೆಗಳಿಗೂ ಬಳಸುತ್ತಾರೆ.