ಒಣ ಪುಡಿಯಲ್ಲಿ ಜೀವ ಇರುತ್ತಾ, ಮೇಷ್ಟ್ರೇ?

ಪ್ರಶ್ನೆ: ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಅಡಿಕೆಗೆ ಹಾಕೋಣ ಅಂತ ದಾವಣಗೆರೆಯಿಂದ ಬ್ಯಾಸಿಲಸ್ ಸಬ್ಟಿಲಿಸ್ ತಂದಿದ್ದೇನೆ. ಜೀವಂತ ಬ್ಯಾಕ್ಟೀರಿಯಾ ಅಂತಾರೆ, ಮುಟ್ಟಿದರೆ ಬರೀ ಪೌಡರ್. ನಂಬಬಹುದಾ?
– ಒಬ್ಬ ಬೆಳೆಗಾರ, ಚನ್ನಗಿರಿ

ಉತ್ತರ: ನಂಬಬಹುದು. ಇಂಥ ಪುಡಿಯಲ್ಲಿ ಸಾಮಾನ್ಯವಾಗಿ ಟಾಲ್ಕೇ ಜಾಸ್ತಿ. ಅದರ ನಡುವೆ ಇರೋದು ಬ್ಯಾಕ್ಟೀರಿಯಾದ ಸ್ಪೋರ್‌ಗಳು. ದಪ್ಪ ಕವಚ, ಒಳಗೆ ನೀರು ತೀರಾ ಕಡಿಮೆ. ತೇವ, ಆಹಾರ ಸಿಕ್ಕ ಮೇಲೆ ಎದ್ದು ಕೂರುತ್ತವೆ. ನಾನು ಕಾಲೇಜಿನಲ್ಲಿ ಇದನ್ನು ತೋರಿಸಲು ಸ್ಲೈಡ್‌ಗೆ ಮಲಾಕೈಟ್ ಗ್ರೀನ್ ಎಂಬ ಹಸಿರು ಬಣ್ಣ ಹಾಕಿ ಆವಿ ಮೇಲೆ ಹಿಡಿಯುತ್ತಿದ್ದೆ, ತೊಳೆದು ಸಫ್ರಾನಿನ್ ಎಂಬ ಕೆಂಪು ಬಣ್ಣ ಹಾಕುತ್ತಿದ್ದೆ. ಕೆಂಪು ಕಡ್ಡಿಗಳ ಹೊಟ್ಟೆಯೊಳಗೆ ಹಸಿರು ಕಾಳು! ಬೆರಳಿಗೆ ಹತ್ತಿದ ಹಸಿರು ಮಾತ್ರ ಬೇಗ ಹೋಗೋದಿಲ್ಲ.

ಆ ಕಾಳು ತಯಾರಾಗುವ ರೀತಿಯೇ ಸ್ವಾರಸ್ಯ. ಆಹಾರ ಮುಗಿದಾಗ ಬ್ಯಾಕ್ಟೀರಿಯಾ ನಡುವೆ ಅಲ್ಲ, ಒಂದು ತುದಿಯ ಹತ್ತಿರ ಗೋಡೆ ಹಾಕಿಕೊಳ್ಳುತ್ತದೆ. ಗೋಡೆ ಬೀಳುವುದು ಡಿಎನ್‌ಎ ಮೇಲೆಯೇ. ಚಿಕ್ಕ ಕೋಣೆಗೆ ಸೇರಬೇಕಾದ ಡಿಎನ್‌ಎಯಲ್ಲಿ ಮೂರನೇ ಒಂದು ಪಾಲಷ್ಟೇ ಒಳಗೆ, ಉಳಿದದ್ದು ಹೊರಗೆ. ಹೊರಗುಳಿದ ಆ ಸುಮಾರು 30 ಲಕ್ಷ ಬೇಸ್ ಜೋಡಿಗಳನ್ನು (ಡಿಎನ್‌ಎ ಏಣಿಯ ಮೆಟ್ಟಿಲುಗಳು ಅನ್ನಿ) ನೇರ ಎಳೆದರೆ 1 ಮಿಲಿಮೀಟರ್ ಉದ್ದ. ಬ್ಯಾಕ್ಟೀರಿಯಾ ಇರೋದು ಅದರ ಸಾವಿರದಲ್ಲಿ ಕೆಲವು ಪಾಲು ಮಾತ್ರ.

ಹೊರಗುಳಿದದ್ದನ್ನು ಒಳಗೆ ಎಳೆಯೋದು ಯಾರು? ಗೋಡೆಯಲ್ಲಿ ಕೂತ ಸ್ಪೋ-ತ್ರೀ-ಇ ಎಂಬ ಪ್ರೋಟೀನ್. ಆರು ಸೇರಿ ಒಂದು ಉಂಗುರ, ನಡುವಿನ ತೂತಿನಲ್ಲಿ ಡಿಎನ್‌ಎ. ಬಾವಿಯಿಂದ ಕೊಡ ಸೇದುವಾಗ ಒಂದು ಕೈ ಎಳೆದು ಇನ್ನೊಂದಕ್ಕೆ ಹಗ್ಗ ಕೊಡುತ್ತದಲ್ಲ, ಹಾಗೆ ಒಂದರ ನಂತರ ಒಂದು ದೂಡುತ್ತವೆ. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಉರಿದರೆ ಎರಡು ಬೇಸ್ ಜೋಡಿ ಸರಿಯುತ್ತದೆ. ಪ್ರಯೋಗಾಲಯದಲ್ಲಿ ವೇಗ ಸೆಕೆಂಡಿಗೆ ಸುಮಾರು 4000 ಜೋಡಿ. ದಿಕ್ಕು ತಪ್ಪೋದಿಲ್ಲ, ಏಕೆಂದರೆ ಡಿಎನ್‌ಎ ಮೇಲೇ ಅಲ್ಲಲ್ಲಿ ಇರುವ ಸಣ್ಣ ಗುರುತುಗಳನ್ನು ಈ ಮೋಟಾರ್ ಓದಿಕೊಳ್ಳುತ್ತದೆ. ಡಿಎನ್‌ಎ ಒಳಗೆ ಹೋಗಲು ಈ ಪ್ರೋಟೀನ್ ಬೇಕೇ ಬೇಕು ಅಂತ 1994ರಲ್ಲಿ ವಿಜ್ಞಾನಿಗಳಾದ ವೂ ಮತ್ತು ಎರಿಂಗ್ಟನ್ ತೋರಿಸಿದ್ದು ಮೋಟಾರ್ ಕೆಟ್ಟ ತಳಿಯಿಂದ. ಮೂರನೇ ಒಂದು ಪಾಲು ಒಳಗೆ ಹೋಗಿ ಅಲ್ಲಿಗೇ ನಿಂತಿತ್ತು. ಸ್ಪೋರ್ ಆಗಲೇ ಇಲ್ಲ.

ಪ್ರಶ್ನೆ: ಸರ್, ಇಷ್ಟು ಚಿಕ್ಕ ಮೋಟಾರಿನ ಬಲ ಅಳೆಯೋದು ಹೇಗೆ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಡಿಎನ್‌ಎ ತುದಿಗೆ ಪ್ಲಾಸ್ಟಿಕ್ ಮಣಿ ಕಟ್ಟಿ, ಮಣಿಯನ್ನು ಲೇಸರ್ ಕಿರಣದಲ್ಲಿ ಹಿಡಿಯುತ್ತಾರೆ. ಮೋಟಾರ್ ಎಳೆದಂತೆ ಮಣಿ ಸರಿಯುತ್ತದೆ, ಅದರಿಂದ ಬಲ ಗೊತ್ತಾಗುತ್ತದೆ. ಈ ಲೇಸರ್ ಚಿಮಟಕ್ಕೇ ಆರ್ಥರ್ ಆಶ್ಕಿನ್‌ಗೆ 2018ರಲ್ಲಿ, 96ರ ವಯಸ್ಸಿನಲ್ಲಿ ನೊಬೆಲ್ ಬಂತು. ತಡವಾಯ್ತು ಅಂತ ನನ್ನ ಅಭಿಪ್ರಾಯ. 2001ರಲ್ಲಿ ಹೀಗೆ ಅಳೆದದ್ದು ಫೈ-29 ವೈರಸ್‌ನ ಮೋಟಾರ್. ಚನ್ನಗಿರಿಯವರ ಬ್ಯಾಸಿಲಸ್‌ಗೇ ಆ ವೈರಸ್ ಶತ್ರು, ಗಮನಿಸಿ. ಅದರ ಮೋಟಾರ್ ಸುಮಾರು 6.6 ಮೈಕ್ರಾನ್ (6600 ನ್ಯಾನೋಮೀಟರ್) ಉದ್ದದ ಡಿಎನ್‌ಎಯನ್ನು 54 ನ್ಯಾನೋಮೀಟರ್ ಎತ್ತರದ ಚಿಪ್ಪಿಗೆ ತುರುಕುತ್ತದೆ. ಬಲ 57 ಪೈಕೋನ್ಯೂಟನ್ (ಒಂದು ಪೈಕೋನ್ಯೂಟನ್ ಅಂದರೆ ನ್ಯೂಟನ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು). ನಮ್ಮ ಸ್ನಾಯುವಿನ ಒಂದು ಮಯೋಸಿನ್ ಅಣು ಎಳೆಯೋದು ಕೆಲವೇ ಪೈಕೋನ್ಯೂಟನ್ ಮಾತ್ರ!

ಪ್ರಶ್ನೆ: ಈ ಬ್ಯಾಸಿಲಸ್ ಪುಡಿಯನ್ನು ಬೋರ್ಡೋ ದ್ರಾವಣದ ಜೊತೆ ಸೇರಿಸಬಹುದಾ?
– ಓದುಗರು, ಹೊಳಲ್ಕೆರೆ

ಉತ್ತರ: ಬೇಡ ಸ್ವಾಮಿ. ಬೋರ್ಡೋದಲ್ಲಿರುವ ಮೈಲುತುತ್ತದ ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಸಮಯದಲ್ಲಿ ಬಳಸಿ.