ಶುಗರ್ ಮತ್ತು ಮರೆವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. 20 ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ನುಂಗುತ್ತಾರೆ. ಈಚೆಗೆ ಕೇಳಿದ್ದನ್ನೇ ಕೇಳುತ್ತಾರೆ, ಸಂಜೆ ಹೊತ್ತು ಸಿಡುಕುತ್ತಾರೆ, ತಬ್ಬಿಬ್ಬಾಗುತ್ತಾರೆ. ಶುಗರ್ ಹತೋಟಿಯಲ್ಲೇ ಇದೆ, ಎಚ್‌ಬಿಎ1ಸಿ 6.1. ಮತ್ತೆ ಯಾಕೆ ಹೀಗೆ?

ಉತ್ತರ: ನಿಮಗೆ ಸಮಾಧಾನ ತಂದಿರುವ ಆ 6.1ರ ಮೇಲೆಯೇ ನಮಗೆ ಅನುಮಾನ. ಗಟ್ಟಿಮುಟ್ಟಾಗಿರುವ ಹಿರಿಯರಿಗೆ 7ರಿಂದ 7.5, ಮರೆವು ಶುರುವಾದವರಿಗೆ 8ರ ಒಳಗಿದ್ದರೆ ಸಾಕು. ಎಚ್‌ಬಿಎ1ಸಿ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಅಷ್ಟೇ. ಬೆಳಿಗ್ಗೆ 190, ಸಂಜೆ 60 ಇದ್ದರೂ ಲ್ಯಾಬ್ ಚೀಟಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಗ್ಲಿಮೆಪಿರೈಡ್ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಮೂತ್ರಪಿಂಡ ಸೊರಗಿದ್ದರೆ ಮಾತ್ರೆಯ ಪ್ರಭಾವ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಸಂಜೆಯ ತಬ್ಬಿಬ್ಬಿಗೆ ಲೋ ಶುಗರ್, ಅಂದರೆ ರಕ್ತದ ಸಕ್ಕರೆ ತೀರಾ ಇಳಿಯುವುದು, ಕಾರಣ ಇರಬಹುದು. ತೀವ್ರವಾದ ಲೋ ಶುಗರ್ ಮತ್ತೆ ಮತ್ತೆ ಆದವರಲ್ಲಿ ಡಿಮೆನ್ಶಿಯಾ (ಮರೆಗುಳಿತನದ ಕಾಯಿಲೆ) ಹೆಚ್ಚು ಎಂದು 2009ರ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು.

ಒಂದು ವಾರ ಗ್ಲೂಕೋಮೀಟರ್‌ನಲ್ಲಿ ನೋಡಿ: ಮಧ್ಯಾಹ್ನದ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಎರಡು ದಿನ ಬೆಳಗಿನ ಜಾವ 3ಕ್ಕೆ, ಜೊತೆಗೆ ಅವರು ತಬ್ಬಿಬ್ಬಾದ ಕ್ಷಣದಲ್ಲಿ. 70ಕ್ಕಿಂತ ಕಡಿಮೆ ಬಂದರೆ ಲೋ, 54ಕ್ಕಿಂತ ಕಡಿಮೆ ಅಪಾಯ. ಬೆಳಿಗ್ಗೆ ಎದ್ದಾಗ ದಿಂಬು, ಬನಿಯನ್ ಬೆವರಿನಿಂದ ಒದ್ದೆಯಾಗಿದ್ದರೆ ಅದನ್ನೂ ಬರೆದಿಡಿ. ಬಿಪಿಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ಇದ್ದರೆ ಕೈನಡುಕ, ಎದೆಬಡಿತ ಗೊತ್ತಾಗದು. ಬೆವರು ಮಾತ್ರ ಸುಳಿವು ಕೊಡುತ್ತದೆ.

ಲೋ ಆದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಮಾತ್ರೆಯ ಚೀಟಿಯಲ್ಲಿ ವೊಗ್ಲಿಬೋಸ್ ಎಂಬ ಶುಗರ್ ಮಾತ್ರೆಯೂ ಇದ್ದರೆ ಮನೆಯ ಸಕ್ಕರೆ ಕರುಳಿನಲ್ಲಿ ಬೇಗ ಒಡೆಯುವುದಿಲ್ಲ, ಗ್ಲೂಕೋಸೇ ಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬರೆದಿಟ್ಟ ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ. ವಿಟಮಿನ್ ಬಿ12, ಟಿಎಸ್‌ಎಚ್ (ಥೈರಾಯ್ಡ್), ಸೋಡಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ) ರಕ್ತಪರೀಕ್ಷೆ ಮಾಡಿಸಲು ಕೇಳಿ. ಮೆಟ್‌ಫಾರ್ಮಿನ್ ವರ್ಷಾನುಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಆ ಕೊರತೆಯ ಮರೆವು ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಎಷ್ಟೋ ಸಲ ಸುಧಾರಿಸುತ್ತದೆ.

ಪ್ರಶ್ನೆ: ನನಗೆ 46. ಹೋದ ವರ್ಷ ಶುಗರ್ ಬಂತು. ಮುಂದೆ ಮರೆಗುಳಿತನ ಖಂಡಿತವೇ?

ಉತ್ತರ: ಖಂಡಿತ ಅಲ್ಲ. ಶುಗರ್ ಇಲ್ಲದವರಿಗಿಂತ ಸಂಭವ ಸುಮಾರು ಒಂದೂವರೆ ಪಟ್ಟು. ರಕ್ತನಾಳ ಕೆಟ್ಟು ಬರುವ ಬಗೆಯದು ಎರಡು ಪಟ್ಟು. ಮೆದುಳಿನ ಒಳಗಿನ ಎಳೆಯಂಥ ನಾಳಗಳು ದಪ್ಪಗಾಗಿ ಅಲ್ಲಲ್ಲಿ ಕಟ್ಟಿಕೊಳ್ಳುತ್ತವೆ, ಕಣ್ಣಿನ ಪರದೆಯಲ್ಲಿ ಆಗುವ ಹಾಗೆಯೇ. ಶುಗರ್ ಬೇಗ ಬಂದಷ್ಟೂ ಹಾನಿಗೆ ಸಿಗುವ ವರ್ಷಗಳು ಹೆಚ್ಚು, ಹಾಗಾಗಿ ನಿಮ್ಮ ವಯಸ್ಸಿನಲ್ಲಿ ಎಚ್‌ಬಿಎ1ಸಿ 7ರ ಒಳಗೆ ಇಡುವುದು ಸರಿ. ಮೇಲಿನ ತಂದೆಯವರಿಗೆ ಹೇಳಿದ್ದು ನಿಮಗಲ್ಲ! ಬಿಪಿ, ಕೊಲೆಸ್ಟರಾಲ್, ಬೀಡಿ ಸಿಗರೇಟು, ಕಿವಿ ಮಂದ: ಇವನ್ನೂ ಸೇರಿಸಿ ನೋಡಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಮರೆಗುಳಿತನಕ್ಕೆ ಇಂಥ 14 ಕಾರಣಗಳನ್ನು ಪಟ್ಟಿ ಮಾಡಿದೆ, ಸಕ್ಕರೆ ಕಾಯಿಲೆ ಅವುಗಳಲ್ಲಿ ಒಂದು. ನಮ್ಮನ್ನು ಕೇಳಿದರೆ ಬಿಪಿ ಬಿಟ್ಟು ಶುಗರ್ ಒಂದನ್ನೇ ಹಿಡಿದು ಕೂರುವುದು ಅರ್ಧ ಕೆಲಸ.

ಪ್ರಶ್ನೆ: ಅಜ್ಜಿ ಮಾತ್ರೆ ನುಂಗಿದ್ದು ಮರೆತು ಮತ್ತೆ ನುಂಗುತ್ತಾರೆ. ಏನು ಮಾಡುವುದು?

ಉತ್ತರ: ಮೊದಲು ಮಾತ್ರೆಯ ಡಬ್ಬ, ಇನ್ಸುಲಿನ್ ಪೆನ್ ಅವರ ಕೈಗೆ ಸಿಗದಂತೆ ಇಡಿ. ಏಳು ದಿನದ ಖಾನೆ ಇರುವ ಡಬ್ಬ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಭಾನುವಾರ ಒಬ್ಬರೇ ತುಂಬಿಸಿ. ಇಬ್ಬರು ಕೈಹಾಕಿದರೆ ಎಣಿಕೆ ತಪ್ಪುತ್ತದೆ. ಖಾಲಿ ಸ್ಟ್ರಿಪ್ ಎಸೆಯದೆ ಇಟ್ಟರೆ ಲೆಕ್ಕ ಸಿಗುತ್ತದೆ. ಊಟ ಸೇರದ ದಿನ ಮಾತ್ರೆ ಕೊಡಬೇಕೇ ಬೇಡವೇ ಎಂಬುದನ್ನು ವೈದ್ಯರಿಂದ ಮುಂಚೆಯೇ ಬರೆಸಿಕೊಳ್ಳಿ. ದಿನಕ್ಕೆ ನಾಲ್ಕು ಹೊತ್ತಿನ ಮಾತ್ರೆಯನ್ನು ಒಂದೆರಡು ಹೊತ್ತಿಗೆ ಇಳಿಸಬಹುದೇ ಎಂದೂ ಕೇಳಿ.

ಗ್ಲಿಮೆಪಿರೈಡ್ ಅಥವಾ ಅದೇ ಜಾತಿಯ ಗ್ಲಿಬೆನ್‌ಕ್ಲಾಮೈಡ್ ಎರಡು ಸಲ ಹೊಟ್ಟೆಗೆ ಹೋಗಿದ್ದರೆ ಗ್ಲೂಕೋಸ್ ಕುಡಿಸಿ ಶುಗರ್ ಏರಿತೆಂದು ಸುಮ್ಮನಾಗಬೇಡಿ. ಕೆಲವು ಗಂಟೆ ಬಿಟ್ಟು ಮತ್ತೆ ಕುಸಿಯುತ್ತದೆ. ಅಂದೇ ಆಸ್ಪತ್ರೆಗೆ ಕರೆದೊಯ್ದು 24 ಗಂಟೆ ಕಣ್ಗಾವಲಿನಲ್ಲಿ ಇರಿಸಿ, ಹೋಗುವಾಗ ಖಾಲಿ ಸ್ಟ್ರಿಪ್ ಜೊತೆಗಿರಲಿ.